ಬಲಗಾಲಿಯ ಒಳಪ್ಯಾಡ್

ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಇಳಿಯುವ ಘಾಟಿಯಲ್ಲಿ, ಕಾರನ್ನು ಮೂರನೆಯ ಗೇರಿಗೆ ತಂದು ಆದಷ್ಟೂ ಎಂಜಿನ್ನಿನ ಹಿಡಿತದಲ್ಲೇ ಇಳಿಸುತ್ತಿದ್ದಾಗ, ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಚಿಹ್ನೆಯೊಂದು ಹಳದಿ ಬಣ್ಣದಲ್ಲಿ ಹೊತ್ತಿಕೊಂಡಿತು. ಪುತ್ತೂರಿನಲ್ಲಿ ಮದುವೆಗೆ ಹೊರಟಿದ್ದ ನಮಗೆ ಅಲ್ಲಿ ನಿಂತು ನೋಡುವ ವ್ಯವಧಾನವಿರಲಿಲ್ಲ. ಸುಳ್ಯದಲ್ಲಿ ಕಾಫಿಗೆ ನಿಲ್ಲಿಸಿ ಬಟನ್ ಒತ್ತಿ ನೋಡಿದರೆ, ಮುಂದಿನ ಬ್ರೇಕುಗಳಿಗೆ ಇನ್ನು 1,500 ಕಿಲೋಮೀಟರ್ ಆಯಸ್ಸಿದೆ ಎಂದು ಕಾರು ತಾನೇ ಲೆಕ್ಕ ಕೊಟ್ಟಿತು. ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಅಂಕಿಗಳ ನಡುವೆಯೇ ಬದುಕಿದವನಾದ್ದರಿಂದ, ಅಷ್ಟು ಖಚಿತವಾಗಿ ಬರೆದ ಅಂಕಿಯನ್ನು ನಂಬುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಆ ಅಂಕಿ ಕಾರಿನ ಒಂದು ಮಗ್ಗುಲಿನದು ಮಾತ್ರ ಎಂಬುದು ತಿಳಿದದ್ದು ತಿಂಗಳಾದ ಮೇಲೆ, ಮೈಸೂರಿನ ನಮ್ಮ ಮನೆಯ ಪೋರ್ಟಿಕೋದಲ್ಲಿ, ಕೈತುಂಬ ಕಪ್ಪು ಮೆತ್ತಿಕೊಂಡು ಕುಳಿತಿದ್ದಾಗ.

ಕಾರು 2011ರ ಮಾದರಿಯ ಬಿಎಂಡಬ್ಲ್ಯು 320ಡಿ. ಕಂಪನಿಯವರು ಇ90 ಎಂದು ಕರೆಯುವ ತಲೆಮಾರಿನದು, ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ಜೋಡಣೆಯಾದದ್ದು. ನಿವೃತ್ತಿಗೆ ಮೂರು ವರ್ಷ ಮೊದಲು ಎರಡನೆಯ ಒಡೆಯನಾಗಿ ಕೊಂಡಾಗ ಗೆಳೆಯರು ನೀಡಿದ ಎಚ್ಚರಿಕೆಗಳಿಗೆ ಲೆಕ್ಕವಿಲ್ಲ. ಇಂಥ ಕಾರುಗಳು ಹಳತಾದ ಮೇಲೆ ಹೊಸ ಮಾರುತಿಯ ಬೆಲೆಗೆ ಸಿಗುತ್ತವೆ, ಆದರೆ ಅವುಗಳ ಬಿಡಿಭಾಗಗಳ ಬೆಲೆ ಹಳತಾಗುವುದಿಲ್ಲ ಎಂಬುದು ಆ ಎಚ್ಚರಿಕೆಗಳ ಸಾರವಾಗಿತ್ತು. ಆ ಮಾತು ನಿಜ. ಬ್ರೇಕನ್ನು ನಾನೇ ಬದಲಾಯಿಸಲು ಹೊರಟದ್ದು ಹಣ ಉಳಿಸುವುದಕ್ಕೆ ಎಂದರೆ ಅದು ಅರ್ಧ ಸತ್ಯ ಮಾತ್ರ. ಕೂಲಿಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಹಣ ಮೊದಲ ಸಲ ಉಪಕರಣಗಳಿಗೇ ಹೋಯಿತು. ಕಾಲೇಜಿನ ದಿನಗಳಲ್ಲಿ ಅಪ್ಪನ ಸ್ಕೂಟರಿನ ಬ್ರೇಕ್ ಶೂಗಳನ್ನು ನಾನೇ ಬಿಚ್ಚಿ ಉಜ್ಜಿ ಹಾಕುತ್ತಿದ್ದೆ. ಕೈ ಆ ಕೆಲಸವನ್ನು ಮರೆತಿಲ್ಲವೆಂದು ನನಗೇ ತೋರಿಸಿಕೊಳ್ಳಬೇಕಿತ್ತು ಎಂಬುದು ಉಳಿದ ಅರ್ಧ.

ಮೊದಲ ತೊಡಕು ಜಾಕಿನಿಂದಲೇ ಆರಂಭವಾಯಿತು. ಈ ಕಾರಿಗೆ ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲ್ಯಾಟ್ ಟೈರುಗಳಿರುವುದರಿಂದ ಡಿಕ್ಕಿಯಲ್ಲಿ ಸ್ಟೆಪ್ನಿಯೂ ಇಲ್ಲ, ಜಾಕೂ ಇಲ್ಲ. ಹೈಡ್ರಾಲಿಕ್ ಟ್ರಾಲಿ ಜಾಕ್ ಮತ್ತು ಎರಡು ಉಕ್ಕಿನ ಸ್ಟ್ಯಾಂಡುಗಳನ್ನು ಕೊಂಡೆ. ಬಾಗಿಲಿನ ಕೆಳಗೆ, ಕಾರಿನ ಹೊಟ್ಟೆಯಲ್ಲಿ ಆಯತಾಕಾರದ ಪ್ಲಾಸ್ಟಿಕ್ ಗೂಡುಗಳಿವೆ. ಜಾಕಿನ ತಲೆ ಅಲ್ಲೇ ಕೂರಬೇಕು, ಬೇರೆಲ್ಲಿ ಒತ್ತಿದರೂ ತಗಡು ಒಳಕ್ಕೆ ತಗ್ಗುತ್ತದೆ. ಆ ಗೂಡಿಗೆ ಸರಿಹೊಂದುವಂತೆ ಹಳೆಯ ರಬ್ಬರ್ ಗಟ್ಟಿಯೊಂದನ್ನು ಕೊಯ್ದು ಇಟ್ಟುಕೊಂಡೆ. ಎರಡನೆಯ ತೊಡಕು ಇನ್ನೂ ಸಣ್ಣದು, ಆದರೆ ಅರ್ಧ ದಿನವನ್ನು ನುಂಗಿತು. ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಎರಡೂ ಮಗ್ಗುಲಿನಿಂದ ಪ್ಯಾಡುಗಳೆಂಬ ಘರ್ಷಣೆಯ ಬಿಲ್ಲೆಗಳ ನಡುವೆ ಅಮುಕುವ, ಇಕ್ಕಳದಂಥ ಭಾಗವೇ ಕ್ಯಾಲಿಪರು. ಅದನ್ನು ಹಿಡಿದಿರುವ ಎರಡು ಗೈಡ್ ಪಿನ್ನುಗಳಿಗೆ 7 ಮಿಲಿಮೀಟರಿನ ಅಲೆನ್ ಕೀ, ಅಂದರೆ ಆರು ಮೂಲೆಯ ಕಡ್ಡಿ ಕೀ, ಬೇಕು. ಅಂಗಡಿಯಲ್ಲಿ ಸಿಗುವ ಅಲೆನ್ ಕೀ ಸೆಟ್ಟುಗಳನ್ನು ಬಿಡಿಸಿ ನೋಡಿದರೆ 5, 6, ಆಮೇಲೆ ನೇರ 8. ಏಳಕ್ಕೆ ಆ ವಂಶಾವಳಿಯಲ್ಲಿ ಸ್ಥಾನವೇ ಇಲ್ಲ. ನಾಲ್ಕನೆಯ ಅಂಗಡಿಯವನು ಬಿಡಿಯಾಗಿ ಒಂದನ್ನು ಹುಡುಕಿ ಕೊಡುವಾಗ, ಯಾವ ಗಾಡಿಗೆ ಎಂದು ಕೇಳಿದ. ಹೇಳಿದೆ. ಆತ ನನ್ನನ್ನೂ ನನ್ನ ಚಪ್ಪಲಿಯನ್ನೂ ಒಮ್ಮೆ ನೋಡಿ ಸುಮ್ಮನಾದ.

ಒಂದು ಭಾನುವಾರ ಕೇವಲ ಅಳತೆಗೆಂದು ಮುಂದಿನ ಎಡಗಾಲಿಯನ್ನು ಬಿಚ್ಚಿದೆ. ಎಡಗಾಲಿಯೇ ಏಕೆಂದರೆ, ಈ ಕಾರಿನಲ್ಲಿ ಮುಂದಿನ ಬ್ರೇಕಿನ ಸವೆತವನ್ನು ನೋಡುವ ಸಂವೇದಕವಿರುವುದು ಅಲ್ಲಿ, ಹಿಂದಿನದು ಬಲಗಾಲಿಯಲ್ಲಿದೆ. ಅದರ ರಚನೆ ಬಹಳ ಸರಳ. ಪ್ಯಾಡಿನ ಅಂಚಿನಲ್ಲಿ ಸಣ್ಣ ಪ್ಲಾಸ್ಟಿಕ್ ತುಂಡಿದ್ದು, ಅದರೊಳಗೆ ತಂತಿಯ ಕುಣಿಕೆಯಿರುತ್ತದೆ. ಪ್ಯಾಡ್ ಸವೆದಂತೆ ತಿರುಗುವ ಡಿಸ್ಕು ಆ ತುಂಡನ್ನೂ ತೇಯುತ್ತದೆ. ತಂತಿಯ ಮೊದಲ ಹಂತ ತುಂಡಾದಾಗ ವಿದ್ಯುತ್ತಿನ ರೋಧ ಬದಲಾಗಿ, ಕಾರಿನ ಕಂಪ್ಯೂಟರು ಉಳಿದ ಆಯಸ್ಸನ್ನು ಅಂದಾಜು ಮಾಡತೊಡಗುತ್ತದೆ. ಎರಡನೆಯ ಹಂತವೂ ತುಂಡಾದರೆ ಅಂದಾಜಿನ ಮಾತು ಮುಗಿದು ನೇರ ಎಚ್ಚರಿಕೆಯೇ ಬರುತ್ತದೆ. ಎಡಗಡೆ ಒಳಪ್ಯಾಡಿನಲ್ಲಿ 4 ಮಿಲಿಮೀಟರ್, ಹೊರಪ್ಯಾಡಿನಲ್ಲಿ ನಾಲ್ಕೂವರೆ ಮಿಲಿಮೀಟರ್ ಉಳಿದಿತ್ತು. ಕಾರು ಹೇಳಿದ ಲೆಕ್ಕಕ್ಕೆ ಅದು ಹೊಂದುವಂತೆಯೇ ಕಂಡಿತು.

ಡಿಸ್ಕಿನ ದಪ್ಪವನ್ನು ಅಳೆಯುವಾಗ ಮಾತ್ರ ಮೊದಲ ಸಲ ಮೋಸಹೋದೆ. ಹೊಸ ಡಿಸ್ಕು 312 ಮಿಲಿಮೀಟರ್ ವ್ಯಾಸದ್ದು, 24 ಮಿಲಿಮೀಟರ್ ದಪ್ಪದ್ದು; 22.4ಕ್ಕಿಂತ ತೆಳುವಾದರೆ ಬಳಸಬಾರದೆಂದು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ವರ್ನಿಯರ್ ಹಿಡಿದು ನೋಡಿದೆ: 23.7. ಸಂತೋಷವಾಯಿತು. ಆದರೆ ಬೆರಳಿನಿಂದ ಸವರಿದಾಗ ಡಿಸ್ಕಿನ ಹೊರ ಅಂಚಿನಲ್ಲಿ, ಪ್ಯಾಡ್ ಮುಟ್ಟದ ಜಾಗದಲ್ಲಿ, ತುಕ್ಕು ಹಿಡಿದ ದಿಂಡೊಂದು ಎದ್ದು ನಿಂತಿರುವುದು ತಿಳಿಯಿತು. ವರ್ನಿಯರಿನ ದವಡೆಗಳು ಆ ದಿಂಡಿನ ಮೇಲೆ ಕುಳಿತು ಸವೆಯದ ಅಂಚನ್ನು ಅಳೆಯುತ್ತಿದ್ದವು. ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಜೋಡಿಸಿ ಅವುಗಳ ದಪ್ಪವನ್ನು ಮೊದಲು ಬರೆದುಕೊಂಡೆ. ಬಳಿಕ ದಿಂಡಿನಿಂದ ಒಳಗೆ, ಡಿಸ್ಕಿನ ಎರಡೂ ಮೈಗೆ ಒಂದೊಂದು ನಾಣ್ಯವನ್ನು ಒತ್ತಿ ಹಿಡಿದು, ನಾಣ್ಯಗಳ ಮೇಲಿನಿಂದ ಅಳೆದು, ನಾಣ್ಯಗಳ ದಪ್ಪವನ್ನು ಕಳೆದೆ. ಬಂದದ್ದು 22.5. ಮಿತಿಗೆ ಕೂದಲೆಳೆಯ ಅಂತರ. ಹೊಸ ಪ್ಯಾಡುಗಳು ಸವೆಯುವ ಅವಧಿಯಲ್ಲಿ ಈ ಡಿಸ್ಕು ಮಿತಿಯ ಕೆಳಗೆ ಇಳಿಯುವುದು ಖಂಡಿತ. ಪ್ಯಾಡುಗಳ ಜೊತೆಗೆ ಡಿಸ್ಕುಗಳನ್ನೂ, ಅದೂ ಎಡಬಲ ಎರಡನ್ನೂ ಬದಲಾಯಿಸಬೇಕೆಂದು ಅಲ್ಲೇ ನಿರ್ಧಾರವಾಯಿತು. ಡಿಸ್ಕನ್ನು ಒಂದೇ ಕಡೆ ಹೊಸದು ಹಾಕುವ ಪದ್ಧತಿ ಇಲ್ಲ, ಇರಲೂಬಾರದು. ಗಾಲಿಯನ್ನು ಮತ್ತೆ ಹಾಕಿದೆ. ಬಲಗಾಲಿಯನ್ನು ಬಿಚ್ಚಲಿಲ್ಲ. ಒಂದು ಶಾಖೆಯ ಲೆಕ್ಕ ನೋಡಿ ಇನ್ನೊಂದು ಶಾಖೆಯದಕ್ಕೂ ಸಹಿ ಹಾಕಿದಂತಾಯಿತು. ಬ್ಯಾಂಕಿನಲ್ಲಿ ಹಾಗೆ ಮಾಡಿದ್ದರೆ ಪಿಂಚಣಿಗೇ ಕುತ್ತು ಬರುತ್ತಿತ್ತು.

ಭಾಗಗಳನ್ನು ತರಿಸುವಾಗ ಕಾರಿನ ಚಾಸಿ ಸಂಖ್ಯೆಯ ಕೊನೆಯ ಏಳು ಅಕ್ಷರಾಂಕಿಗಳನ್ನು ಕೊಟ್ಟೇ ತರಿಸಬೇಕು. ಒಂದೇ ಹೆಸರಿನ ಕಾರಿಗೆ ಎಂಜಿನ್ನಿಗೆ ತಕ್ಕಂತೆ ಬೇರೆ ಬೇರೆ ಅಳತೆಯ ಡಿಸ್ಕುಗಳಿರುತ್ತವೆ. ನಾನು ಎಟಿಇ ಡಿಸ್ಕುಗಳನ್ನೂ ಟೆಕ್ಸ್‌ಟಾರ್ ಪ್ಯಾಡುಗಳನ್ನೂ ಆರಿಸಿಕೊಂಡೆ. ಎಟಿಇ ಎಂಬುದು 1906ರಲ್ಲಿ ಆಲ್‌ಫ್ರೆಡ್ ಟೆವೆಸ್ ಫ್ರಾಂಕ್‌ಫರ್ಟಿನಲ್ಲಿ ಸ್ಥಾಪಿಸಿದ ಉದ್ಯಮದ ಹೆಸರು, ಮುಂದೆ ಕಾಂಟಿನೆಂಟಲ್ ಕಂಪನಿಯ ಕೈಸೇರಿದ ಬ್ರಾಂಡು. ಕ್ಯಾಲಿಪರಿನ ಮೇಲೂ ಅದೇ ಮೂರು ಅಕ್ಷರ ಎರಕವಾಗಿದ್ದುದರಿಂದ ಆಯ್ಕೆಗೆ ಹೆಚ್ಚು ಯೋಚಿಸಲಿಲ್ಲ. ಪ್ಯಾಡಿನ ಬೆನ್ನಿನ ಉಕ್ಕಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲೊಂದು ಅಂಕಿ ಮತ್ತು 90 ಎಂಬ ಗುರುತು ಇವೆಯೇ ಎಂದು ನೋಡಿದೆ. ಬದಲಿ ಪ್ಯಾಡುಗಳ ಗುಣಮಟ್ಟಕ್ಕೆ ಯೂರೋಪಿನಲ್ಲಿ ಅನ್ವಯಿಸುವ 90ನೆಯ ನಿಯಮದ ಮುದ್ರೆ ಅದು. ವೃತ್ತದೊಳಗಿನ ಅಂಕಿ 1 ಆಗಿದ್ದರೆ ಅನುಮೋದನೆ ಕೊಟ್ಟದ್ದು ಜರ್ಮನಿ ಎಂದರ್ಥ. ಬ್ರೇಕಿನ ಪೆಟ್ಟಿಗೆಯ ಬಣ್ಣವನ್ನು ಯಾರು ಬೇಕಾದರೂ ಅಚ್ಚುಹಾಕಬಹುದಾದ ಊರಿನಲ್ಲಿ ಇಂಥ ಗುರುತುಗಳನ್ನು ಓದಲು ಕಲಿಯುವುದು ಒಳ್ಳೆಯದು. ಎಡಗಡೆಗೆ ಹೊಸ ಸಂವೇದಕವನ್ನೂ ತರಿಸಿದೆ, ಏಕೆಂದರೆ ಒಮ್ಮೆ ತೇಯ್ದ ತಂತಿ ಮರಳಿ ಬೆಳೆಯುವುದಿಲ್ಲ.

ಕೆಲಸದ ದಿನ ಬೆಳಿಗ್ಗೆ ಆರೂವರೆಗೆ ಆರಂಭಿಸಿದೆ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಮರದ ದಿಮ್ಮಿ ಕೊಟ್ಟು, ಕಾರು ನೆಲದ ಮೇಲಿರುವಾಗಲೇ ಗಾಲಿಯ ಐದು ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿದೆ. ಕಾರು ಸ್ಟ್ಯಾಂಡಿನ ಮೇಲೆ ಕುಳಿತ ಮೇಲೆ ಎರಡೂ ಕೈಯಿಂದ ಅದನ್ನು ಜೋರಾಗಿ ಅಲುಗಿಸಿ ನೋಡಿದೆ. ಬೀಳುವುದಿದ್ದರೆ ನಾನು ಕೆಳಗೆ ಬಾಗುವ ಮೊದಲೇ ಬೀಳಲಿ ಎಂಬ ಲೆಕ್ಕ. ಬಿಚ್ಚಿದ ಗಾಲಿಯನ್ನು ಪಕ್ಕಕ್ಕೆ ಒರಗಿಸದೆ ಕಾರಿನ ಅಡಿಗೇ ತಳ್ಳಿದೆ. ಸ್ಟ್ಯಾಂಡು ಕೈಕೊಟ್ಟರೂ ಅದು ಮನುಷ್ಯನಿಗೆ ಬೇಕಾದಷ್ಟು ಜಾಗವನ್ನು ಉಳಿಸುತ್ತದೆ.

ಈ ಕ್ಯಾಲಿಪರು ಕಂಡಷ್ಟು ಗಹನವಾದದ್ದಲ್ಲ. ಇದರಲ್ಲಿರುವುದು ಒಂದೇ ಪಿಸ್ಟನ್, ಅದೂ ಒಳಗಡೆ. ಪೆಡಲ್ ಒತ್ತಿದಾಗ ಪಿಸ್ಟನ್ ಒಳಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದರ ಪ್ರತಿಬಲದಿಂದ ಇಡೀ ಕ್ಯಾಲಿಪರು ಎರಡು ಗೈಡ್ ಪಿನ್ನುಗಳ ಮೇಲೆ ಒಳಕ್ಕೆ ಜಾರಿ ಹೊರಪ್ಯಾಡನ್ನು ಇನ್ನೊಂದು ಮಗ್ಗುಲಿನಿಂದ ಎಳೆದು ತರುತ್ತದೆ. ಒಂದು ಕೈ ತಳ್ಳುವುದು, ಇನ್ನೊಂದು ಕೈ ಸೆಳೆಯುವುದು. ಪಿನ್ನು ಸಲೀಸಾಗಿ ಜಾರಿದಷ್ಟು ಕಾಲವೂ ಎರಡು ಪ್ಯಾಡುಗಳು ಹೆಚ್ಚುಕಡಿಮೆ ಸಮನಾಗಿ ಸವೆಯುತ್ತವೆ. ಈ ವಿಷಯ ಪುಸ್ತಕದಲ್ಲಿ ಓದಿ ತಿಳಿದದ್ದೇ ಆದರೂ, ಅದರ ಅರ್ಥ ಮನಸ್ಸಿಗಿಳಿಯಲು ಬಲಗಾಲಿಯವರೆಗೆ ಹೋಗಬೇಕಾಯಿತು.

ಎಡಗಡೆಯ ಕೆಲಸ ಹೇಳಿಕೊಳ್ಳುವಂಥ ಕಷ್ಟವಿಲ್ಲದೆ ಸಾಗಿತು. ಹೊರಗಡೆಯ ಸ್ಪ್ರಿಂಗನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದಾಗ ಅದು ಕನ್ನಡಕಕ್ಕೆ ಬಡಿದು ಕರಿಬೇವಿನ ಕುಂಡದೊಳಗೆ ಬಿತ್ತು. ಕನ್ನಡಕ ಹಾಕಿಕೊಂಡಿದ್ದಕ್ಕೆ ಬಚಾವಾದೆ. ಗೈಡ್ ಪಿನ್ನುಗಳ ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ತೆಗೆದು, ದುರ್ಲಭವಾದ ಆ ಏಳು ನಂಬರಿನ ಕೀಯಿಂದ ಪಿನ್ನುಗಳನ್ನು ಬಿಚ್ಚಿ, ಕ್ಯಾಲಿಪರನ್ನು ಹೊರತೆಗೆದು, ಬಟ್ಟೆ ಒಣಗಿಸುವ ತಂತಿಯ ತುಂಡಿನಿಂದ ಮೇಲಿನ ಕಾಯಿಲ್ ಸ್ಪ್ರಿಂಗಿಗೆ ಕಟ್ಟಿದೆ. ಅದನ್ನು ರಬ್ಬರ್ ಕೊಳವೆಯ ಆಧಾರದಲ್ಲೇ ನೇತಾಡಲು ಬಿಟ್ಟರೆ ಕೊಳವೆ ಒಳಗೊಳಗೇ ಹರಿಯುವ ಅಪಾಯವಿದೆ, ಹೊರಗೆ ಅದರ ಸುಳಿವೂ ಸಿಗುವುದಿಲ್ಲ. ಕ್ಯಾಲಿಪರಿನ ಬ್ರಾಕೆಟ್ಟನ್ನು ಹಿಡಿದಿರುವ 18 ನಂಬರಿನ ಎರಡು ದಪ್ಪ ಬೋಲ್ಟುಗಳನ್ನು ಸಡಿಲಿಸಲು ಸ್ಪ್ಯಾನರಿನ ತುದಿಗೆ ನೀರಿನ ಪೈಪಿನ ತುಂಡನ್ನು ಸಿಕ್ಕಿಸಿಕೊಂಡೆ. ಡಿಸ್ಕನ್ನು ಹಬ್ಬಿಗೆ, ಅಂದರೆ ಗಾಲಿ ಕೂರುವ ನಡುಭಾಗಕ್ಕೆ, ಹಿಡಿದಿರುವ 6 ನಂಬರಿನ ಸಣ್ಣ ಅಲೆನ್ ಸ್ಕ್ರೂ ಒಂದೇ ಎಳೆತಕ್ಕೆ ಬಂತು. ಹಬ್ಬಿನ ಮುಖದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಮೈಯೆಲ್ಲ ಬೆವರುವಂತೆ ಉಜ್ಜಿದೆ. ಇಲ್ಲಿ ಉಳಿದ ಒಂದು ಹಕ್ಕಳೆ ತುಕ್ಕೂ ಡಿಸ್ಕನ್ನು ಓರೆಯಾಗಿ ಕೂರಿಸುತ್ತದೆ, ಮತ್ತು ಆ ಓರೆ ಕೆಲವು ಸಾವಿರ ಕಿಲೋಮೀಟರಿನ ನಂತರ ಸ್ಟೀರಿಂಗಿನಲ್ಲಿ ನಡುಕವಾಗಿ ಕಾಣಿಸಿಕೊಳ್ಳುತ್ತದೆ.

ಹೊಸ ಪ್ಯಾಡುಗಳು ದಪ್ಪವಾದ್ದರಿಂದ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ಆಗ ಅದರ ಹಿಂದಿರುವ ಬ್ರೇಕ್ ಎಣ್ಣೆ ಮೇಲಿನ ಡಬ್ಬಿಗೆ ಏರುತ್ತದೆ. ಹಿಂದೆ ಯಾರೋ ಡಬ್ಬಿಯನ್ನು ಗೆರೆಯವರೆಗೆ ತುಂಬಿದ್ದರು. ಮೆಡಿಕಲ್ ಅಂಗಡಿಯಿಂದ ತಂದ ಹೊಸ ಸಿರಿಂಜಿನಲ್ಲಿ ಒಂದಿಷ್ಟು ಎಣ್ಣೆಯನ್ನು ಮೊದಲೇ ಹೀರಿ ತೆಗೆದೆ. ಈ ಎಣ್ಣೆ ಉಕ್ಕಿ ಚೆಲ್ಲಿದರೆ ಬಣ್ಣವನ್ನು ತಿಂದುಬಿಡುತ್ತದೆ. ಹಳೆಯ ಪ್ಯಾಡನ್ನೇ ನಡುವೆ ಇಟ್ಟು ಜಿ ಕ್ಲಾಂಪಿನಿಂದ ಕಾಲು ಕಾಲು ಸುತ್ತು ಬಿಗಿಯುತ್ತ ಹೋದಂತೆ ಪಿಸ್ಟನ್ ಆಕಳಿಸುತ್ತ ಒಳಗೆ ಸರಿಯಿತು. ಸಿರಿಂಜಿಗೆ ಬಂದ ಎಣ್ಣೆ ಹಳೆಯ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಡಾಟ್ 4 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕು. ಗಾಳಿಯ ತೇವವನ್ನು ಹೀರಿಕೊಂಡಂತೆ ಆ ಮಿತಿ ಇಳಿಯುತ್ತ 155ರ ಸುತ್ತಮುತ್ತ ಬರಬಹುದು. ಒಂದೂವರೆ ಟನ್ನಿನ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ಒಮ್ಮೆ ನಿಂತಾಗ ಹುಟ್ಟುವ ಶಾಖ, ಒಂದೂಮುಕ್ಕಾಲು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಲ್ಲದು. ಸಂಪಾಜೆಯಂಥ ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುವವರ ಎಣ್ಣೆ ಏನಾಗುತ್ತಿರಬಹುದೆಂದು ಆ ಸಿರಿಂಜನ್ನು ನೋಡುತ್ತ ಯೋಚಿಸಿದೆ. ಎಣ್ಣೆಯನ್ನು ಪೂರ್ತಿ ಬದಲಾಯಿಸುವ ಕೆಲಸವನ್ನು ಮುಂದಿನ ವಾರ ಗ್ಯಾರೇಜಿನಲ್ಲಿ ಮಾಡಿಸಿದೆ. ಎರಡು ವರ್ಷಕ್ಕೊಮ್ಮೆ ಮಾಡಿಸಬೇಕಾದ ಕೆಲಸವದು.

ಬಿಗಿಯುವಾಗ ನನಗೂ ನಮ್ಮ ಬೀದಿಯ ಗ್ಯಾರೇಜು ಪರಂಪರೆಗೂ ಇರುವ ಭಿನ್ನಾಭಿಪ್ರಾಯ ಎದ್ದು ಬಂತು. ಅಲ್ಲಿ ಎಲ್ಲವೂ ಕೈಯಂದಾಜು. ಬಹುಪಾಲು ಕೆಲಸಕ್ಕೆ ಅದು ಸಾಕು ಎಂಬುದನ್ನು ಒಪ್ಪುತ್ತೇನೆ. ಆದರೆ ಬ್ರಾಕೆಟ್ಟಿನ ಬೋಲ್ಟಿಗೆ 110 ನ್ಯೂಟನ್ ಮೀಟರ್ ಎಂದು ತಯಾರಕರು ಬರೆದಿರುವಾಗ, ಅಂದರೆ ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ ಸುಮಾರು ಹನ್ನೊಂದು ಕಿಲೋ ತೂಗುಬಿಟ್ಟಷ್ಟು ಬಿಗಿ ಬೇಕೆಂದಾಗ, ಮೂವತ್ತು ವರ್ಷ ಪೆನ್ನು ಹಿಡಿದ ಕೈಯ ಅಂದಾಜನ್ನು ನಾನು ನಂಬಲಾರೆ. ಹೇಳಿದಷ್ಟು ಬಿಗಿ ಬಂದಾಗ ಸದ್ದು ಮಾಡುವ ಟಾರ್ಕ್ ರೆಂಚು ಟಕ್ಕೆಂದಾಗ ನಿಲ್ಲಿಸಿದೆ. ಡಿಸ್ಕಿನ ಸ್ಕ್ರೂವಿಗೆ 16, ಗಾಲಿಯ ಬೋಲ್ಟಿಗೆ 120. ಪ್ರತಿ ಟಕ್ಕಿಗೂ ನೋಟ್‌ಬುಕ್ಕಿನಲ್ಲಿ ಒಂದು ಗುರುತು ಹಾಕಿದೆ. ಗೈಡ್ ಪಿನ್ನುಗಳನ್ನು ಚೆನ್ನಾಗಿ ಒರೆಸಿ, ಗ್ರೀಸ್ ಸವರದೆ ಒಣದಾಗಿಯೇ ಹಾಕಿದೆ. ಈ ಕ್ಯಾಲಿಪರಿನಲ್ಲಿ ಪಿನ್ನು ಜಾರುವುದು ಬುಷ್ಷು ಎಂಬ ರಬ್ಬರಿನ ಸಣ್ಣ ನಳಿಗೆಯೊಳಗೆ. ಗ್ರೀಸಿಗೆ ಧೂಳು ಮೆತ್ತಿ, ರಬ್ಬರು ಉಬ್ಬಿ, ಜಾರಬೇಕಾದದ್ದು ಹಿಡಿದುಕೊಳ್ಳುತ್ತದೆ. ಹನ್ನೊಂದು ಗಂಟೆಗೆ ಎಡಗಡೆ ಮುಗಿದಾಗ ಮನೆಯವಳು ತಂದುಕೊಟ್ಟ ಮಜ್ಜಿಗೆಯನ್ನು ಕುಡಿಯುತ್ತ, ಮಧ್ಯಾಹ್ನದ ಊಟದ ಹೊತ್ತಿಗೆ ಬಲಗಡೆಯದೂ ಮುಗಿಯುತ್ತದೆ ಎಂದು ಹೇಳಿದೆ.

ಬಲಗಾಲಿಯನ್ನು ಬಿಚ್ಚಿ ಕ್ಯಾಲಿಪರಿನ ಕಿಟಕಿಯೊಳಗೆ ಟಾರ್ಚು ಬಿಟ್ಟಾಗ ಹೊರಪ್ಯಾಡ್ ದಪ್ಪವಾಗಿ, ಆರೋಗ್ಯವಾಗಿ ಕಂಡಿತು: 6 ಮಿಲಿಮೀಟರ್. ಒಳಪ್ಯಾಡ್ ಕಾಣಲೇ ಇಲ್ಲ. ತಲೆಯನ್ನು ಇನ್ನಷ್ಟು ಒಳಗೆ ಹಾಕಿ ನೋಡಿದೆ. ಉಕ್ಕಿನ ಬೆನ್ನಿಗೂ ಡಿಸ್ಕಿಗೂ ನಡುವೆ ಚಪಾತಿಯಷ್ಟು ತೆಳುವಾದ ಕಪ್ಪು ಪದರವೊಂದಿತ್ತು. ಹೊರತೆಗೆದು ಅಳೆದಾಗ ಒಂದು ತುದಿಯಲ್ಲಿ ಒಂದೂವರೆ ಮಿಲಿಮೀಟರ್, ಇನ್ನೊಂದು ತುದಿಯಲ್ಲಿ ಅದಕ್ಕೂ ಕಡಿಮೆ. ಡಿಸ್ಕಿನ ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಗೀರುಗಳು, ದಪ್ಪ 22.2, ಮಿತಿಗಿಂತ ಆಗಲೇ ಕೆಳಗೆ. ಸಂವೇದಕ ಇರುವುದು ಎಡಗಡೆ. ಕಾರು 1,500 ಕಿಲೋಮೀಟರ್ ಎಂದು ಹೇಳಿದ್ದು ಎಡಗಡೆಯ ಲೆಕ್ಕ. ಆ ಮಾತನ್ನು ನಂಬಿ ನಾವು ಮಕ್ಕಳನ್ನೂ ಕೂರಿಸಿಕೊಂಡು ಪುತ್ತೂರಿನಿಂದ ಮತ್ತೆ ಘಾಟಿ ಹತ್ತಿ ಬಂದಿದ್ದೆವು. ಆಮೇಲೆ ನಂಜನಗೂಡಿಗೆ ಎರಡು ಸಲ, ಬೆಂಗಳೂರಿಗೆ ಒಂದು ಸಲ ಹೋಗಿಬಂದಿದ್ದೆವು.

ಕಾರಣ ಕೆಳಗಿನ ಗೈಡ್ ಪಿನ್ನಿನಲ್ಲಿತ್ತು. ಅದನ್ನು ಎಳೆದರೆ ಬುಷ್ಷೇ ಜೊತೆಯಲ್ಲಿ ಹೊರಳುತ್ತಿತ್ತು. ಯಾವುದೋ ಕಾಲದಲ್ಲಿ ಯಾರೋ ಧಾರಾಳವಾಗಿ ಸವರಿದ ಗ್ರೀಸು ಒಣಗಿ ಡಾಂಬರಿನಂತಾಗಿ, ರಬ್ಬರು ಊದಿ ಪಿನ್ನನ್ನು ಕಚ್ಚಿ ಹಿಡಿದಿತ್ತು. ಕ್ಯಾಲಿಪರು ಜಾರದಿದ್ದುದರಿಂದ ಹೊರಪ್ಯಾಡ್ ಸರಿಯಾಗಿ ಒತ್ತುತ್ತಿರಲಿಲ್ಲ, ದುಡಿಮೆಯೆಲ್ಲ ಒಳಪ್ಯಾಡಿನದೇ. ಆಗ ನನಗೆ ಇನ್ನೊಂದು ವಿಷಯ ಹೊಳೆದು ಮೈ ಸಣ್ಣಗೆ ಜುಮ್ಮೆಂದಿತು. ವರ್ಷದಿಂದ ಬ್ರೇಕು ಹಾಕಿದಾಗೆಲ್ಲ ಕಾರು ತುಸು ಎಡಕ್ಕೆ ಎಳೆಯುತ್ತಿತ್ತು. ನಮ್ಮ ರಸ್ತೆಗಳು ನೀರು ಹರಿಯಲೆಂದು ಎಡಕ್ಕೆ ಇಳಿಜಾರಾಗಿರುತ್ತವೆ, ಅದರಿಂದಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡು, ಎರಡು ಸಲ ವೀಲ್ ಅಲೈನ್‌ಮೆಂಟಿಗೂ ಹಣ ಕೊಟ್ಟಿದ್ದೆ. ಬಲಗಡೆಯ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತಿದ್ದುದರಿಂದ ಎಡಗಡೆಯದು ಕಾರನ್ನು ತನ್ನ ಕಡೆಗೆ ಎಳೆಯುತ್ತಿತ್ತು. ಕಾರು ಹೇಳಬೇಕಾದ್ದನ್ನು ಹೇಳಿಯೇ ಇತ್ತು, ಆದರೆ ದೀಪದ ಮೂಲಕವಲ್ಲ.

ಬುಷ್ಷುಗಳ ಕಿಟ್ಟು ನನ್ನ ಬಳಿ ಇರಲಿಲ್ಲ. ತರಿಸಲು ಹೇಳಿ, ಅಷ್ಟರಲ್ಲಿ ಡಿಸ್ಕನ್ನಾದರೂ ಬಿಚ್ಚಿಡೋಣವೆಂದು ಹೊರಟರೆ, ಎಡಗಡೆ ಒಂದೇ ಎಳೆತಕ್ಕೆ ಬಂದಿದ್ದ ಆ ಸಣ್ಣ ಸ್ಕ್ರೂ ಇಲ್ಲಿ ಜಪ್ಪೆನ್ನಲಿಲ್ಲ. ಬಲ ಹೆಚ್ಚು ಮಾಡಿದೆ. ಕೀ ಒಳಗೇ ತಿರುಗಿ, ಆರು ಮೂಲೆಯ ಗುಂಡಿ ದುಂಡಗಾಯಿತು. ಗಾಲಿ ಬಿಚ್ಚಿದಾಗ ಡಿಸ್ಕು ಬೀಳದಂತೆ ಹಿಡಿದುಕೊಳ್ಳುವುದಷ್ಟೇ ಈ ಸ್ಕ್ರೂವಿನ ಕೆಲಸ, ನಿಜವಾದ ಹಿಡಿತವಿರುವುದು ಗಾಲಿಯ ಐದು ಬೋಲ್ಟುಗಳದ್ದು. ಇಷ್ಟು ಚಿಕ್ಕ ಹುದ್ದೆಯಲ್ಲಿದ್ದು ಇಷ್ಟು ದೊಡ್ಡ ಕಡತವನ್ನು ತಡೆಹಿಡಿಯುವವರನ್ನು ಸರ್ವೀಸಿನಲ್ಲಿ ಕಂಡಿದ್ದೆನಾದರೂ, ಕಾರಿನೊಳಗೆ ನಿರೀಕ್ಷಿಸಿರಲಿಲ್ಲ. ಮೂಲೆಯಂಗಡಿಯ ಸ್ಕೂಟರ್ ಮೇಸ್ತ್ರಿಯನ್ನು ಕರೆದುಕೊಂಡು ಬಂದೆ. ಆತ ಕುಕ್ಕರಗಾಲಿನಲ್ಲಿ ಕುಳಿತು, ಗುಂಡಿಯೊಳಗೆ ಬೆರಳಾಡಿಸಿ, “ಮೊದ್ಲು ತಿರುಗಿಸ್ಬಾರ್ದು ಸಾರ್, ಮೊದ್ಲು ಹೊಡೀಬೇಕು. ಪೆಟ್ಟು ಬಿದ್ರೆ ತುಕ್ಕು ಬಾಯ್ ಬಿಡತ್ತೆ,” ಎಂದರು. ಗುಂಡಿಗಿಂತ ತುಸು ದೊಡ್ಡದಾದ ನಕ್ಷತ್ರಾಕಾರದ ಬಿಟ್ಟನ್ನು ಸುತ್ತಿಗೆಯಿಂದ ಅದರೊಳಗೆ ಬಡಿದು ಕೂರಿಸಿ, ಇಂಪ್ಯಾಕ್ಟ್ ಡ್ರೈವರಿನ ತಲೆಗೆ ನಾಲ್ಕು ಪೆಟ್ಟು ಕೊಟ್ಟರು. ಐದನೆಯದಕ್ಕೆ ಸ್ಕ್ರೂ ಕೀಚೆಂದು ಸದ್ದು ಮಾಡಿ ಬಿಟ್ಟಿತು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಟಾರ್ಕ್ ರೆಂಚನ್ನು ಕೈಯಲ್ಲಿ ತೂಗಿ ನೋಡಿ, ಟಕ್ಕೆನ್ನಿಸಿ ನೋಡಿ, ನಕ್ಕು ಹಿಂದಿರುಗಿಸಿದರು. ಕೈಯಂದಾಜಿನ ಬಗ್ಗೆ ಮೇಲೆ ನಾನು ಬರೆದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ. ಬಿಗಿಯುವುದಕ್ಕೆ ಅಳತೆ ಬೇಕು. ಆದರೆ ಬಿಚ್ಚುವುದಕ್ಕೆ ಆ ಕೈಯೇ ಬೇಕು ಎಂದು ಸೇರಿಸುತ್ತೇನೆ.

ಮೂರು ದಿನ ಕಾರು ಒಂದು ಕಾಲನ್ನು ಎತ್ತಿಕೊಂಡೇ ನಿಂತಿತ್ತು. ಬೆಳಗಿನ ವಾಕಿಂಗಿಗೆ ಹೋಗುವವರೆಲ್ಲ ಗೇಟಿನ ಬಳಿ ನಿಂತು ಸಂತಾಪ ಸೂಚಿಸಿ ಮುಂದೆ ಹೋಗುತ್ತಿದ್ದರು. ಪಕ್ಕದ ಬೀದಿಯಲ್ಲಿ ಹಳೆಯ ಮರ್ಸಿಡಿಸ್ ಇಟ್ಟುಕೊಂಡಿರುವವರೊಬ್ಬರು ಬಂದು, ತಾವೂ ಹೀಗೆಯೇ ಮಾಡಬಹುದೇ ಎಂದು ವಿಚಾರಿಸಿದರು. ಅವರದು 2004ರ ಇ ಕ್ಲಾಸ್. ಆ ಕಾರಿನಲ್ಲಿ ಬ್ರೇಕಿನ ಒತ್ತಡವನ್ನು ಕೊಡುವುದು ವಿದ್ಯುತ್ ಪಂಪು. ಅದನ್ನು ಸರಿಯಾದ ಉಪಕರಣದಿಂದ ನಿಷ್ಕ್ರಿಯಗೊಳಿಸದೆ ಕ್ಯಾಲಿಪರು ಬಿಚ್ಚಿ ಕುಳಿತಾಗ, ಯಾರೋ ಬಾಗಿಲು ತೆರೆದರೂ ಪಂಪು ಎಚ್ಚೆತ್ತು ಪಿಸ್ಟನ್ನನ್ನು ಹೊರದಬ್ಬಬಹುದು, ಬೆರಳು ನಡುವೆ ಸಿಕ್ಕರೆ ಹೋಯಿತು. ಇತ್ತೀಚಿನ ಅನೇಕ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ವಿದ್ಯುತ್ ಮೋಟಾರಿನದಾಗಿದ್ದು, ಹಿಂದಿನ ಪ್ಯಾಡುಗಳನ್ನು ಮುಟ್ಟುವ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕಾಗುತ್ತದೆ. ನನ್ನ ಕಾರಿನ ಹ್ಯಾಂಡ್ ಬ್ರೇಕು ಕೇಬಲ್ಲಿನದು, ಹಿಂದಿನ ಡಿಸ್ಕಿನ ಒಳಗಿರುವ ಪುಟ್ಟ ಡ್ರಮ್ಮಿನಲ್ಲಿ ಸ್ಕೂಟರಿನಂತೆಯೇ ಶೂಗಳು. ಅವರಿಗೆ ಬೇಡ ಎಂದೇ ಹೇಳಿದೆ.

ಬುಧವಾರ ಕಿಟ್ಟು ಬಂತು. ಹಳೆಯ ಬುಷ್ಷುಗಳನ್ನು ಕಿತ್ತು, ಗೂಡನ್ನು ಬಟ್ಟೆಯಿಂದ ತಿಕ್ಕಿ, ಹೊಸವನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ಪಿನ್ನು ಈಗ ಒಂದು ಬೆರಳಿನ ತಳ್ಳಿಗೆ ಸರಾಗವಾಗಿ ಸರಿಯುತ್ತಿತ್ತು. ಆ ಸರಿದಾಟವನ್ನು ಹತ್ತು ಸಲವಾದರೂ ಆಡಿಸಿ ನೋಡಿರಬೇಕು. ಹೊಸ ಡಿಸ್ಕಿನ ರಕ್ಷಣಾ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ಉಳಿದದ್ದನ್ನೆಲ್ಲ ಎಡಗಡೆಯಂತೆಯೇ ಜೋಡಿಸಿದೆ. ಈ ಕಾರುಗಳಲ್ಲಿ ಗಾಲಿಗೆ ಸ್ಟಡ್ಡುಗಳಿಲ್ಲ, ಬಿಡಿ ಬೋಲ್ಟುಗಳು. ಭಾರವಾದ ಗಾಲಿಯನ್ನು ಒಂದು ಪಾದದ ಮೇಲೆ ಎತ್ತಿ ಹಿಡಿದು ರಂಧ್ರಕ್ಕೆ ರಂಧ್ರ ಹೊಂದಿಸುವ ಕಷ್ಟದಲ್ಲಿ ಸೊಂಟ ತನ್ನ ವಯಸ್ಸನ್ನು ಹೇಳಿತು.

ಎಂಜಿನ್ ಚಾಲೂ ಮಾಡುವ ಮೊದಲು ಪೆಡಲನ್ನು ಒತ್ತಿದೆ. ಕಾಲು ಸೀದಾ ನೆಲಕ್ಕೆ ಹೋಯಿತು. ಹಿಂದಕ್ಕೆ ತಳ್ಳಿದ ಪಿಸ್ಟನ್ನುಗಳು ಮತ್ತೆ ಪ್ಯಾಡಿಗೆ ತಾಗುವವರೆಗೆ ಹೀಗಾಗುವುದು ಸಹಜವೆಂದು ಗೊತ್ತಿದ್ದರೂ, ಹಾಗೆ ಏನೂ ತಡೆಯಿಲ್ಲದೆ ಕಾಲು ಇಳಿದದ್ದನ್ನು ನೆನೆದರೆ ಈಗಲೂ ಇಷ್ಟವಾಗುವುದಿಲ್ಲ. ಐದಾರು ಒತ್ತಿಗೆ ಪೆಡಲು ಕಲ್ಲಿನಂತೆ ಗಟ್ಟಿಯಾಯಿತು. ಡಬ್ಬಿಯ ಎಣ್ಣೆಯ ಮಟ್ಟ ನೋಡಿದೆ. ಕೊಳವೆಯನ್ನು ಎಲ್ಲಿಯೂ ಬಿಚ್ಚಿರದ ಕಾರಣ ಗಾಳಿ ತೆಗೆಯುವ ಪ್ರಸಂಗ ಬರಲಿಲ್ಲ. ಬ್ರೇಕ್ ಪೆಡಲ್ ಒತ್ತದೆ ಸ್ಟಾರ್ಟ್ ಬಟನ್ ಮಾತ್ರ ಒತ್ತಿ, ಮೀಟರಿನ ಬಳಿಯ ಪುಟ್ಟ ಗುಂಡಿಯನ್ನು ಹಿಡಿದುಕೊಂಡು, ಮುಂದಿನ ಬ್ರೇಕಿನ ಲೆಕ್ಕವನ್ನು ಹೊಸದಾಗಿ ಆರಂಭಿಸಲು ಹೇಳಿದೆ. ಸಂವೇದಕ ತುಂಡಾಗಿದ್ದರೆ ಕಾರು ಇದಕ್ಕೆ ಒಪ್ಪುವುದಿಲ್ಲ. ಹೊಸದನ್ನು ಕಂಡು ಒಪ್ಪಿತು.

ಮರುದಿನ ಬೆಳಿಗ್ಗೆ ಐದೂವರೆಗೆ ಹೊರವರ್ತುಲ ರಸ್ತೆಗೆ ಹೋದೆ. ಹಿಂದೆ ಯಾರೂ ಇಲ್ಲದ ಹೊತ್ತು ನೋಡಿ 60ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಬಾರಿ ವೇಗ ತಗ್ಗಿಸಿದೆ. ನಡುನಡುವೆ ಗಾಳಿಗೆ ಆರಲು ಬಿಟ್ಟೆ. ಪ್ಯಾಡಿನ ವಸ್ತು ಡಿಸ್ಕಿನ ಮೈಗೆ ತೆಳುವಾಗಿ, ಸಮನಾಗಿ ಮೆತ್ತಿಕೊಳ್ಳಲು ಈ ಹದ ಬೇಕು. ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿಹಿಡಿದು ನಿಂತರೆ ಅದೇ ಜಾಗದಲ್ಲಿ ಅಚ್ಚು ಬೀಳುತ್ತದೆ. ಏಳನೆಯ ಬಾರಿಗೆ ಸುಟ್ಟ ರಾಳದಂಥ ವಾಸನೆ ಬಂತು, ಹತ್ತರ ಹೊತ್ತಿಗೆ ಹೋಯಿತು. ಸ್ಟೀರಿಂಗಿನ ಮೇಲಿನ ಹಿಡಿತವನ್ನು ಬೆರಳ ತುದಿಗೆ ತಂದು ಒಮ್ಮೆ ಗಟ್ಟಿಯಾಗಿ ಒತ್ತಿದೆ. ಕಾರು ಎಡಕ್ಕೆ ಹೋಗಲಿಲ್ಲ. ರಸ್ತೆಯ ಇಳಿಜಾರು ಮೊದಲಿನಂತೆಯೇ ಇತ್ತು.

ನೂರು ಕಿಲೋಮೀಟರಾದ ಮೇಲೆ ಗಾಲಿಯ ಬೋಲ್ಟುಗಳನ್ನು ಮತ್ತೆ 120ಕ್ಕೆ ಪರೀಕ್ಷಿಸಿದೆ, ಯಾವುದೂ ಕದಲಲಿಲ್ಲ. ಆರು ಸಾವಿರ ಕಿಲೋಮೀಟರಿನ ನಂತರ, ಯಾವ ದೀಪವೂ ಹೊತ್ತದಿದ್ದರೂ, ಒಂದು ಭಾನುವಾರ ಮುಂದಿನ ಎರಡೂ ಗಾಲಿಗಳನ್ನು ಬಿಚ್ಚಿದೆ. ಈ ಸಲ ಬಲಗಾಲಿಯನ್ನೇ ಮೊದಲು. ಒಳಪ್ಯಾಡಿಗೂ ಹೊರಪ್ಯಾಡಿಗೂ ಅರ್ಧ ಮಿಲಿಮೀಟರಿಗಿಂತ ಕಡಿಮೆ ಅಂತರವಿತ್ತು. ನಾಲ್ಕು ಅಂಕಿಗಳನ್ನೂ ನೋಟ್‌ಬುಕ್ಕಿನ ನಾಲ್ಕು ಕಾಲಂಗಳಲ್ಲಿ ಬರೆದು, ದಿನಾಂಕ ಹಾಕಿ, ಗಾಲಿಗಳನ್ನು ಮತ್ತೆ ಏರಿಸಿದೆ.